ಸೈಕಲ್ ಕುಂಟಿಗೆ ಯೂರಿಯಾ ಡಬ್ಬಿ: ಮೆಕ್ಕಿಜೋಳದ ಮೇಲುಗೊಬ್ಬರ ಮಣ್ಣಿನೊಳಗ ಹಾಕೂ ಜೋಡಣಿ

ನಮ್ದು ಕೊಪ್ಪಳ ಜಿಲ್ಲಾ ಕುಕನೂರು ಕಡೆ, ಎರಿ ಹೊಲ, ಮಳಿ ನಂಬಿದ ಒಕ್ಕಲುತನ. ಮುಂಗಾರಿಗೆ ಮೆಕ್ಕಿಜೋಳ ಹಾಕೋರು ಈ ಭಾಗದಾಗ ಭಾಳ ಮಂದಿ ಅದಾರ, ಮೆಕ್ಕಿಜೋಳ ಅಂದಮ್ಯಾಲ ಯೂರಿಯಾ ಬೇಕೇ ಬೇಕು. ಮನ್ಯಾಗಿದ್ದ ಸೈಕಲ್ ಕುಂಟಿಗೆ (ಸೈಕಲ್ ಗಾಲಿ ಹಚ್ಚಿ, ಕೈಲೆ ನೂಕಿ ಸಾಲಿನ ನಡುವಿನ ಕಸ ತಗಿಯೂ ಕುಂಟಿ) ಒಂದು ಡಬ್ಬಿ, ಒಂದು ರೋಲರ್, ಒಂದು ಚೈನ್ ಕೂಡ್ರಿಸಿ, ಎಡಿ ಹೊಡಕೊಂತ ಹೋದಂಗ ಸಾಲಿನ ಬಾಜೂಕ ಮಣ್ಣಿನೊಳಗ ಅಳತಿ ಪ್ರಕಾರ ಯೂರಿಯಾ ಬೀಳೂವಂಗ ಮಾಡೀನಿ. ಹೆಂಗ ಮಾಡಿದ್ದು, ಯಾವ ಅಳತಿ, ಎಲ್ಲಿ ತೊಂದ್ರಿ ಬರ್ತತಿ ಎಲ್ಲಾ ಬರದೀನಿ, ಊರಾಗ ಒಂದು ಲೇತ್ ಅಂಗಡಿ, ಒಂದು ವೆಲ್ಡಿಂಗ್ ಅಂಗಡಿ ಇದ್ರ ಯಾರಾದ್ರೂ ಮಾಡಿಕೊಬಹುದು.

ಮೊದ್ಲು ಯಾಕ ಅನ್ನೂದು ಹೇಳ್ತೀನಿ, ಯಾಕಂದ್ರ ಅದು ತಿಳೀಲಿಲ್ಲ ಅಂದ್ರ ಇಷ್ಟೆಲ್ಲಾ ಯಾಕ ಗುದ್ದಾಡಬೇಕು, ಬುಟ್ಟ್ಯಾಗ ಹಾಕ್ಕೊಂಡು ಚೆಲ್ಲಿದ್ರ ಆಗಂಗಿಲ್ಲೇನು ಅನ್ನಿಸ್ತತಿ. ಚೆಲ್ಲಿದ್ರೂ ಬೆಳಿ ಹಸರ ಆಗ್ತತಿ, ಸುಳ್ಳಲ್ಲ. ಆದ್ರ ಚೆಲ್ಲಿದ್ದ ಯೂರಿಯಾ ಅರ್ಧ ಎರಡೂ ಸಾಲಿನ ನಡುವ ಕರಕಿಗೆ, ಕಸಕ್ಕ ಹೋಗ್ತತಿ, ಒಂದಿಷ್ಟು ಸುಳ್ಯಾಗ ಬಿದ್ದು ಎಲಿ ಸುಡ್ತತಿ, ಉಳಿದಿದ್ದು ಮಣ್ಣಿನ ಮ್ಯಾಲ ಕುಂತು ಮಳಿ ಹಾದಿ ಕಾಯ್ತತಿ. ಮಳಿ ಜಲ್ದಿ ಬಂದು ಒಳಗ ಇಳಿಸಿದ್ರ ಪಾಡು. ಬರೇ ಇಬ್ಬನಿ ಬಿದ್ದು ಮಣ್ಣು ಹಸಿ ಆಗಿ, ಆಮ್ಯಾಲ ಬಿಸಲು ಗಾಳಿ ಹೊಡೀತಂದ್ರ ಅಲ್ಲೇ ಕೆಡ್ತತಿ ಆಟ. ಮಣ್ಣಿನಾಗ, ಒಣಗಿದ ಕಸದಾಗ ಯೂರಿಯೇಸ್ ಅನ್ನೂ ಕಿಣ್ವ ಇರ್ತತಿ, ಅದು ಯೂರಿಯಾ ಒಡದು ಅಮೋನಿಯಂ ಮಾಡ್ತತಿ, ಮಣ್ಣು ಕ್ಷಾರ ಇದ್ರ ಆ ಅಮೋನಿಯಂ ಅಮೋನಿಯಾ ಗ್ಯಾಸ್ ಆಗಿ ಹಾರಿಹೋಗ್ತತಿ. ನಮ್ಮ ಎರಿ ಮಣ್ಣಿನಾಗ ಸುಣ್ಣದ ಹಳ್ಳು ಕೈಗೇ ಸಿಗ್ತಾವ, ಪಿಎಚ್ 8ರ ಮ್ಯಾಲ ಇರೋದೇ ಹೆಚ್ಚು. ಅಂದ್ರ ಹಾರೂದಕ್ಕ ಎಲ್ಲಾ ತಯಾರಿ ಹೊಲದಾಗೇ ಐತಿ. ಅದೇ ಯೂರಿಯಾ ಎರಡು ಇಂಚು ಮಣ್ಣಿನ ಕೆಳಗ ಇದ್ರ, ಆದ ಅಮೋನಿಯಂ ಎರಿ ಮಣ್ಣೇ ಹಿಡಕೊಂತತಿ, ಮ್ಯಾಲ ಬರಾಕ ಬಿಡಂಗಿಲ್ಲ.

ಇದನ್ನ ಮನ್ಯಾಗ ಕಣ್ಣಾರೆ ನೋಡಬಹುದು. ಎರಡು ಗಾಜಿನ ಬಾಟ್ಲಿ ತಗೊಂಡು ನಮ್ಮ ಹೊಲದ ಹಸಿ ಮಣ್ಣು ಅರ್ಧಕ್ಕಿಂತ ಮ್ಯಾಲ ತುಂಬಿದೆ. ಒಂದರಾಗ ಒಂದು ಚಮಚ ಯೂರಿಯಾ ಮ್ಯಾಲೇ ಉದುರಿಸಿದೆ, ಇನ್ನೊಂದರಾಗ ಅಷ್ಟೇ ಯೂರಿಯಾ ಎರಡು ಇಂಚು ಕೆಳಗ ಹುಗಿದು ಮಣ್ಣು ಒತ್ತಿದೆ. ಬಿಳಿ ಹಾಳಿಗೆ ಅರಿಶಿಣ ನೀರು ಹಚ್ಚಿ ಒಣಗಿಸಿ, ಪಟ್ಟಿ ಕತ್ತರಿಸಿ, ಸ್ವಲ್ಪ ಹಸಿ ಮಾಡಿ ಎರಡೂ ಬಾಟ್ಲಿಯಾಗ ಮಣ್ಣಿಗೆ ತಾಗದಂಗ ಇಳಿಬಿಟ್ಟು ಮುಚ್ಚಳ ಬಿಗಿ ಹಾಕಿ ಇಟ್ಟೆ. ಮ್ಯಾಲ ಉದುರಿಸಿದ ಬಾಟ್ಲಿಯೊಳಗಿನ ಪಟ್ಟಿ ಮೊದ್ಲು ಅಂಚಿಗೆ, ಆಮ್ಯಾಲ ಪೂರ್ತಿ ಕೆಂಪಗ ತಿರುಗ್ತು, ಸುಣ್ಣ ತಾಗಿದ ಅರಿಶಿಣ ಹೆಂಗ ಆಗ್ತತೋ ಹಂಗ. ಮುಚ್ಚಳ ತಗದ್ರ ಮೂಗಿಗೆ ಖಾರ ಬಡದಂಗ ವಾಸನಿ. ಹುಗಿದ ಬಾಟ್ಲಿಯಾಗ ಪಟ್ಟಿ ಹಳದೀನೇ ಇತ್ತು. ಆ ಕೆಂಪಿನಾಗ ಕಂಡಿದ್ದು ನಾವು ಪಾಳಿ ನಿಂತು ತಂದ ಗೊಬ್ಬರದ ಸಾರಜನಕ. 2025ರ ಮುಂಗಾರಿನಾಗ ಕೊಪ್ಪಳ ಜಿಲ್ಲಾದಾಗ ಯೂರಿಯಾಕ್ಕ ಎಂಥಾ ಪಾಳಿ ಹತ್ತಿದ್ದು ಅಂತ ನಮ್ಮ ಕಡೆ ಮಂದಿಗೆ ಹೇಳೂದು ಬ್ಯಾಡ. ಚೀಲದ ರೇಟು 266 ರೂಪಾಯಿ 50 ಪೈಸೆ ಇರಬಹುದು, ಟೈಮಿಗೆ ಸಿಗದಿದ್ದಾಗ ಅದರ ಬೆಲಿ ಬ್ಯಾರೇನೇ.

ಇನ್ನೊಂದು ಮಾತು, ಈಗ ಬರೂ ಯೂರಿಯಾ ಎಲ್ಲಾ ಬೇವಿನ ಎಣ್ಣಿ ಲೇಪ ಇರೋದು, 2015ರಿಂದ ಹಂಗೇ ಐತಿ, ಬೇವಿನ ಲೇಪ ಐತಲ್ಲ ಮತ್ತ ಹಾರಂಗಿಲ್ಲ ಅಂತ ಕೆಲವರು ಹೇಳ್ತಾರ. ಬೇವು ತಡಿಯೂದು ಮುಂದಿನ ಹಂತ, ಅಮೋನಿಯಂ ನೈಟ್ರೇಟ್ ಆಗೂದನ್ನ ನಿಧಾನ ಮಾಡ್ತತಿ, ಅದರಿಂದ ನೀರಿನ ಜೋಡಿ ಕೆಳಗ ಬಸದು ಹೋಗೂದು ಕಮ್ಮಿ ಆಗ್ತತಿ. ಮ್ಯಾಲ ಬಿದ್ದಿದ್ದು ಗ್ಯಾಸ್ ಆಗಿ ಹಾರೂದಕ್ಕ ಬೇವು ಅಡ್ಡ ಬರಂಗಿಲ್ಲ, ಅದಕ್ಕ ಮಣ್ಣೇ ಮುಚ್ಚಬೇಕು.

ಈಗ ಲೆಕ್ಕ. ಮಳೆಯಾಶ್ರಿತ ಮೆಕ್ಕಿಜೋಳಕ್ಕ ಹೆಕ್ಟೇರಿಗೆ 100 ಕೆಜಿ ಸಾರಜನಕ ಅಂತ ಶಿಫಾರಸು ಇಟ್ಟುಕೊಂಡ್ರ ಎಕರೆಗೆ 40 ಕೆಜಿ ಬೀಳ್ತತಿ. ಬಿತ್ತುವಾಗ 50 ಕೆಜಿ ಡಿಎಪಿ ಒಂದು ಚೀಲ ಹಾಕಿದ್ರ ಅದರಾಗ 18 ಪರ್ಸೆಂಟ್, ಅಂದ್ರ 9 ಕೆಜಿ ಸಾರಜನಕ ಬಂದೇ ಬಿಡ್ತತಿ. ಉಳಿದಿದ್ದು 31 ಕೆಜಿ. ಯೂರಿಯಾದಾಗ 46 ಪರ್ಸೆಂಟ್, 45 ಕೆಜಿ ಚೀಲದಾಗ 20.7 ಕೆಜಿ, ಅಂದ್ರ 31 ಕೆಜಿಗೆ ಒಂದೂವರಿ ಚೀಲ, 67 ಕೆಜಿ ಆತು. ಇದನ್ನ ಎರಡು ಪಾಲು ಮಾಡಿ, ಮೊಣಕಾಲಮಟ ಬೆಳಿ ಬಂದಾಗ ಒಂದು, ಸೂಲಂಗಿ ಒಡಿಯೂಕಿಂತ ಮೊದ್ಲು ಒಂದು. ಒಂದೊಂದು ಸಲಕ್ಕ ಎಕರೆಗೆ 33–34 ಕೆಜಿ. ಇಲ್ಲೀತನ ಎಲ್ಲಾರೂ ಮಾಡೂ ಲೆಕ್ಕ, ಮಶೀನಿಗೆ ಬೇಕಾಗೂದು ಮುಂದಿಂದು. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್ ಇದ್ರ, ಎಕರೆ ಅಂದ್ರ 4047 ಚದರ ಮೀಟರ್, ಭಾಗಿಸಿದ್ರ ಒಂದು ಎಕರೆದಾಗ ಒಟ್ಟು 6745 ಮೀಟರ್ ಸಾಲು ಇರ್ತತಿ. 34 ಕೆಜಿ ಅಷ್ಟು ಉದ್ದಕ್ಕ ಹಂಚಿದ್ರ ಮೀಟರಿಗೆ 5 ಗ್ರಾಂ. ಈ 5 ಗ್ರಾಂ ಅನ್ನೂದೊಂದನ್ನ ನೆಪ್ಪಿಟ್ಟುಕೊಳ್ರಿ, ಇಡೀ ಜೋಡಣಿ ನಿಂತಿರೋದು ಅದರ ಮ್ಯಾಲೇ. ಕೈಲಿ ಹಾಕಿದ್ರ ಮೀಟರಿಗೆ 5 ಗ್ರಾಂ ಹಾಕಾಕ ಯಾರಿಗೂ ಸಾಧ್ಯ ಇಲ್ಲ, ಹೊಲದ ಈ ತುದಿಗೆ ಮುಷ್ಟಿ ದೊಡ್ಡದು, ಆ ತುದಿಗೆ ಬುಟ್ಟಿ ಖಾಲಿ ಆಗೂ ಹೊತ್ತಿಗೆ ಸಣ್ಣದು.

ಗಾಲಿ ವಿಷಯ. ನಮ್ಮ ಕುಂಟಿಗೆ ಮೊದ್ಲು ಬರೇ ರಿಮ್ ಇತ್ತು. ಅದನ್ನ ತಗದು ಗುಜರಿಯಿಂದ ಹುಡುಗರ ಸೈಕಲ್ಲಿನ 20 ಇಂಚಿನ ಹಿಂದಿನ ಗಾಲಿ, ಟಯರ್ ಸಮೇತ ತಂದೆ. ಹಿಂದಿನ ಗಾಲೀನೇ ಬೇಕು, ಯಾಕಂದ್ರ ಅದಕ್ಕ ಫ್ರೀವೀಲ್, ಅಂದ್ರ ಒಂದೇ ದಿಕ್ಕಿಗೆ ಹಿಡಿಯೂ ಹಲ್ಲಿನ ಚಕ್ರ ಇರ್ತತಿ. ಇಲ್ಲೊಂದು ಸೂಕ್ಷ್ಮ ಐತಿ, ಗಮನ ಇಟ್ಟು ಓದ್ರಿ. ಸೈಕಲ್ಲಿನಾಗ ಚೈನ್ ಗಾಲಿ ತಿರುಗಸ್ತತಿ. ನಮಗ ಬೇಕಾಗಿದ್ದು ಉಲ್ಟಾ, ಗಾಲಿ ಚೈನ್ ತಿರುಗಸಬೇಕು. ಗಾಲಿ ಇದ್ದಂಗೇ ಕೂಡ್ರಿಸಿದ್ರ, ಅಂದ್ರ ಫ್ರೀವೀಲ್ ಬಲಕ್ಕ ಇದ್ರ, ಗಾಲಿ ಮುಂದ ಉರುಳಿದಾಗ ಫ್ರೀವೀಲ್ ಕಟಕಟ ಅಂತ ಸಪ್ಪಳ ಮಾಡಿಕೊಂತ ನಿಂತಲ್ಲೇ ನಿಲ್ತತಿ, ಚೈನ್ ಅಲುಗಾಡಂಗಿಲ್ಲ. ಬಾಳ ಮಂದಿ ಇದಕ್ಕ ಫ್ರೀವೀಲ್ ವೆಲ್ಡ್ ಮಾಡಿ ಜಾಮ್ ಮಾಡಸ್ತಾರ. ಅದು ಬ್ಯಾಡ. ಗಾಲೀನ ತಿರುವಿ ಹಾಕ್ರಿ, ಫ್ರೀವೀಲ್ ಎಡಕ್ಕ ಬರೂವಂಗ. ಆಗ ಮುಂದ ನೂಕಿದ್ರ ಫ್ರೀವೀಲಿನ ನಾಲಿಗಿ ಹಿಡೀತಾವ, ಚೈನ್ ತಿರುಗ್ತತಿ, ಗೊಬ್ಬರ ಬೀಳ್ತತಿ. ಹಿಂದ ಎಳದ್ರ ಕಟಕಟ ಅಂತತಿ, ಗೊಬ್ಬರ ನಿಂತುಬಿಡ್ತತಿ. ಸೈಕಲ್ ಕುಂಟಿ ಅಂದ್ರ ಹೆಂಟಿ ಬಂದಾಗ ಒಂದು ಹೆಜ್ಜಿ ಹಿಂದ ಜಗ್ಗಿ ಮತ್ತ ನೂಕೂದು ಇದ್ದಿದ್ದೇ, ಜಾಮ್ ಮಾಡಿಸಿದ್ರ ಹಂಗ ಜಗ್ಗಿದಾಗೆಲ್ಲಾ ರೋಲರ್ ಉಲ್ಟಾ ತಿರುಗಿ ಯೂರಿಯಾ ಅರೀತತಿ. ತಿರುವಿ ಹಾಕಿದ್ರ ಇನ್ನೂ ಒಂದು ಲಾಭ, ಗಾಲಿ ನಡುವಿನ ಹಬ್ಬಿನ ಥ್ರೆಡ್ ಬಿಗಿ ಆಗೂ ದಿಕ್ಕಿಗೇ ಜೋರು ಬೀಳ್ತತಿ, ಫ್ರೀವೀಲ್ ಬಿಚ್ಚಿ ಬರಂಗಿಲ್ಲ.

ಟಯರ್ ಇದ್ದ ಈ ಗಾಲಿ ಒಂದು ಸುತ್ತಿಗೆ 1.55 ಮೀಟರ್ ಹೋಗ್ತತಿ. ನಿಮ್ಮ ಗಾಲಿಗೆ ಬ್ಯಾರೆ ಇರ್ತತಿ, ಟಯರಿಗೆ ಸುಣ್ಣದ ಗುರುತು ಹಾಕಿ ಹತ್ತು ಸುತ್ತು ಉರುಳಿಸಿ ಟೇಪ್ ಹಿಡಿದು ಹತ್ತರಿಂದ ಭಾಗಸ್ರಿ. ನಮ್ಮ ಲೆಕ್ಕಕ್ಕ ಒಂದು ಸುತ್ತಿಗೆ 1.55 ಗುಣಿಸು 5, ಹತ್ರ ಹತ್ರ 7.8 ಗ್ರಾಂ ಬೀಳಬೇಕು. ಯೂರಿಯಾ ಒಂದು ಲೀಟರ್ ಡಬ್ಬಿಗೆ ಮುಕ್ಕಾಲು ಕೆಜಿ ಹಿಡೀತತಿ, ಅಂದ್ರ 7.8 ಗ್ರಾಂ ಅನ್ನೂದು ಸುಮಾರು 10 ಎಂಎಲ್ ಜಾಗ. ಈ 10 ಎಂಎಲ್ ರೋಲರಿನ ಮೈಮ್ಯಾಲಿನ ಎಂಟು ಕುಣಿಯಾಗ ಹಂಚಿದೆ. ಎಂಟೇ ಯಾಕಂದ್ರ ಒಂದು ಸುತ್ತಿಗೆ ಎಂಟು ಸಲ ಬಿದ್ರ 19 ಸೆಂಟಿಮೀಟರಿಗೊಂದು ಸಲ ಬೀಳ್ತತಿ, ಮೆಕ್ಕಿಜೋಳದ ಗಿಡದಿಂದ ಗಿಡಕ್ಕ 20 ಸೆಂಟಿಮೀಟರ್, ಹಂಗಾಗಿ ಯಾವ ಗಿಡಕ್ಕೂ ಅನ್ಯಾಯ ಆಗಂಗಿಲ್ಲ.

ರೋಲರ್ ನೈಲಾನ್ ರಾಡಿನಿಂದ ಲೇತ್ ಮ್ಯಾಲ ತಿರುವಿಸಿದ್ದು. ಹೊರಗಿನ ಮನಿ 63 ಎಂಎಂ ಪಿವಿಸಿ ಪೈಪಿನ ಗೇಣುದ್ದ ತುಂಡು, ಅದರ ಒಳಗಿನ ಅಳತಿಗಿಂತ ಅರ್ಧ ಮಿಲಿಮೀಟರ್ ಕಮ್ಮಿ ರೋಲರ್, ನಮ್ಮದು 57 ಮಿಲಿಮೀಟರ್ ಬಂತು. ಇನ್ನೂ ಬಿಗಿ ಮಾಡಬ್ಯಾಡ್ರಿ, ನೈಲಾನ್ ಹಸಿ ಕುಡದು ಸ್ವಲ್ಪ ಉಬ್ಬತತಿ, ಭಾಳ ಸಡ್ಲ ಮಾಡಿದ್ರ ಕಾಳು ಸಂದ್ಯಾಗ ಸಿಕ್ಕು ಅರೀತಾವ. ಕುಣಿ 12 ಎಂಎಂ ಡ್ರಿಲ್ ಬಿಟ್ಟಿನಿಂದ ಹೊಡದಿದ್ದು. ಎಂಟೂ ಕುಣಿ ಒಂದೇ ಸಾಲಿನಾಗ ಹೊಡಿಯಾಕ ಬರಂಗಿಲ್ಲ, ಮ್ಯಾಲ ಜಾಗ ಕಾಣ್ತತಿ, ಆದ್ರ ರೋಲರ್ ದುಂಡಗ ಇರೋದ್ರಿಂದ ಒಳಗ ಹೋದಂಗ ಜಾಗ ಕಿರಿದಾಗಿ ಕುಣಿ ಒಂದಕ್ಕೊಂದು ಕೂಡಿಬಿಡ್ತಾವ. ಅದಕ್ಕ ನಾಲ್ಕು ಕುಣಿ ಒಂದು ಸಾಲು, ನಾಲ್ಕು ಇನ್ನೊಂದು ಸಾಲು, ಒಂದರ ನಡುವ ಇನ್ನೊಂದು ಬರೂವಂಗ. ಮೊದ್ಲು 12 ಮಿಲಿಮೀಟರ್ ಆಳ ಇಡಸ್ರಿ, ಕಮ್ಮಿ ಬಂದ್ರ ಆಳ ಮಾಡಬಹುದು, ಹೆಚ್ಚಾದದ್ದನ್ನ ಕಮ್ಮಿ ಮಾಡೂದು ಕಷ್ಟ.

ಶಾಫ್ಟ್ 12 ಎಂಎಂ ರಾಡ್, ಅದರ ತುದಿಗೆ ಇನ್ನೊಂದು ಹಳೇ ಫ್ರೀವೀಲ್, 18 ಹಲ್ಲಿಂದು, ಇದನ್ನ ಮಾತ್ರ ವೆಲ್ಡ್ ಮಾಡಿ ಜಾಮ್ ಮಾಡಸ್ರಿ. ಗಾಲಿದೂ 18 ಹಲ್ಲು, ಹಂಗಾಗಿ ಗಾಲಿ ಒಂದು ಸುತ್ತಿಗೆ ರೋಲರ್ ಒಂದು ಸುತ್ತು. ಶಾಫ್ಟ್ ತಿರುಗೂ ಕಡೆ ಲೇತ್‌ನವ್ರು ಹಿತ್ತಾಳಿ ಬುಷ್ ಹಾಕೋಣ್ರಿ ಅಂದ್ರು, ಬ್ಯಾರೆ ಕೆಲಸಕ್ಕಾದ್ರ ಅದು ಛಲೋನೇ. ಯೂರಿಯಾ ಕೆಲಸಕ್ಕ ಹಿತ್ತಾಳಿ, ತಾಮ್ರ ಬರಂಗಿಲ್ಲ, ಅಮೋನಿಯಾ ಅದನ್ನ ತಿಂತತಿ, ಬಿರುಕು ಬಿಡಸ್ತತಿ. ನೈಲಾನ್ ತುಂಡಿನಾಗೇ ಬುಷ್ ಮಾಡಿಸಿದೆ.

ಪಿವಿಸಿ ಮನಿಗೆ ಮ್ಯಾಲೊಂದು ಕಿಂಡಿ, ಕೆಳಗೊಂದು ಕಿಂಡಿ. ಮ್ಯಾಲಿನ ಕಿಂಡಿಗೆ 5 ಲೀಟರ್ ಎಣ್ಣಿ ಕ್ಯಾನ್ ತಳ ಕತ್ತರಿಸಿ ಬೋರಲು ಕೂಡ್ರಿಸಿದ್ದು. ಅದರಾಗ ಮೂರು ಕೆಜಿ ಆರಾಮ ಹಿಡೀತತಿ, ಅಷ್ಟರಾಗ 600 ಮೀಟರ್ ಸಾಲು ಹೋಗ್ತತಿ, ತೂಕ ಜಾಸ್ತಿ ಆದ್ರ ನೂಕೋರ ರಟ್ಟಿ ಸೋಲ್ತಾವ, ಹಂಗಾಗಿ ದೊಡ್ಡ ಡಬ್ಬಿ ಆಸಿ ಬ್ಯಾಡ. ಕುಣಿ ತುಂಬಿ ಕೆಳಗ ಇಳಿಯೂ ಜಾಗದಾಗ ಒಂದು ಬ್ರಶ್ ಇರಬೇಕು, ಮ್ಯಾಲ ಉಬ್ಬಿದ ಕಾಳು ಸವರಿ ಹಾಕಾಕ. ಹಳೇ ಹಲ್ಲುಜ್ಜೂ ಬ್ರಶ್ಶಿನ ತಲಿ ಎರಡು ಕತ್ತರಿಸಿ ಬಾಜೂಕ ಬಾಜೂಕ ಅಂಟಿಸಿ ಸ್ಕ್ರೂ ಹಾಕಿದೆ. ತಗಡು ಹಾಕಿದ್ರ ಕಾಳು ಕತ್ತರಿಸಿ ಹಿಟ್ಟು ಮಾಡ್ತತಿ, ಆ ಹಿಟ್ಟು ಹಸಿ ಹಿಡಿದು ಕುಣಿಯಾಗ ಗಟ್ಟಿ ಆಗ್ತತಿ, ಮೆತ್ತನ್ನ ಬ್ರಶ್ಶೇ ಬೇಕು.

ಕ್ಯಾನಿನೊಳಗ ಯೂರಿಯಾ ಕಮಾನು ಕಟ್ಟಿ ನಿಂತುಬಿಡೂದು ಇದರಾಗ ಬರೂ ದೊಡ್ಡ ತೊಂದ್ರಿ. ಮ್ಯಾಲ ನೋಡಿದ್ರ ತುಂಬಿರ್ತತಿ, ಕೆಳಗ ರೋಲರ್ ಖಾಲಿ ತಿರುಗ್ತಿರ್ತತಿ, ನೂಕೋರಿಗೆ ಗೊತ್ತಾಗಂಗಿಲ್ಲ, ವಾರದ ಮ್ಯಾಲ ಆ ಸಾಲು ಹಳದಿ ಕಂಡಾಗ್ಲೇ ಗೊತ್ತಾಗೂದು. ಇದಕ್ಕ ಹ್ಯಾಕ್ಸಾ ಬ್ಲೇಡಿನ ಒಂದು ತುಂಡು ಕ್ಯಾನಿನ ಸ್ಟ್ಯಾಂಡಿಗೆ ಬಿಗಿದು, ಅದರ ಇನ್ನೊಂದು ತುದಿ ಗಾಲಿಯ ಸ್ಪೋಕಿಗೆ ತಾಗೂವಂಗ ಇಟ್ಟೆ. ಗಾಲಿ ತಿರುಗಿದ್ರ ಪ್ರತಿ ಸ್ಪೋಕಿಗೂ ಟಕ್ ಅಂತ ಬಡದು ಕ್ಯಾನ್ ಅದುರತತಿ, ಕಮಾನು ಕಟ್ಟಂಗಿಲ್ಲ. ಕ್ಯಾನ್ ಸ್ಟ್ಯಾಂಡಿಗೆ ಬಿಗಿ ನಟ್ ಹಾಕಬ್ಯಾಡ್ರಿ, ಟ್ಯೂಬಿನ ರಬ್ಬರ್ ವಾಶರ್ ಇಟ್ಟು ಸ್ವಲ್ಪ ಅಲುಗಾಡಾಕ ಬಿಡ್ರಿ, ಇಲ್ಲಾಂದ್ರ ಅದುರಂಗಿಲ್ಲ. ಮನ್ಯಾಗ ಜಾಳಿಗಿ ಇದ್ರ ಕ್ಯಾನಿಗೆ ಹಾಕೂ ಮೊದ್ಲು ಯೂರಿಯಾ ಸಾಣಿಸಿಬಿಡ್ರಿ, ಚೀಲದ ಮೂಲ್ಯಾಗ ಉಂಡಿ ಇದ್ದೇ ಇರ್ತಾವ.

ಕೆಳಗಿನ ಕಿಂಡಿಯಿಂದ ಒಂದು ಫನಲ್, ಅಲ್ಲಿಂದ ಒಂದು ಇಂಚಿನ ಪಾರದರ್ಶಕ ಪೈಪ್. ಪಾರದರ್ಶಕ ಇರಲೇಬೇಕು, ಕಾಳು ಬೀಳೂದು ನಡಕೊಂತ ಕಾಣಬೇಕು. ಪೈಪಿನ ಕೆಳಗ, ಕುಡದ (ಕುಂಟಿಯ ಕಸ ಕೊಯ್ಯೂ ಅಲಗು) ಮುಂದ, ಒಂದು ಸಣ್ಣ ತಾಳು ವೆಲ್ಡ್ ಮಾಡಿಸಿದೆ, ಹಳೇ ಲೀಫ್ ಸ್ಪ್ರಿಂಗಿನ ಪಟ್ಟಿ, ಚೂಪು ಮಾಡಿದ್ದು, ಎರಡರಿಂದ ಎರಡೂವರಿ ಇಂಚು ಮಣ್ಣಿನೊಳಗ ಇಳೀತತಿ. ಪೈಪಿನ ಬಾಯಿ ತಾಳಿನ ಬೆನ್ನಿಗೆ ಅಂಟಿಕೊಂಡಿರಬೇಕು, ಬಾಯಿ ಓರೆ ಕತ್ತರಿಸಿ ಹಿಂದಕ್ಕ ಮುಖ ಮಾಡಬೇಕು. ನೇರ ಕತ್ತರಿಸಿದ ಬಾಯಿ ಹಸಿ ಎರಿ ಮಣ್ಣಿನಾಗ ಕುಂಟಿ ಇಳಿಸಿದ ಕೂಡ್ಲೇ ಮಣ್ಣು ತುಂಬಿ ಬಂದ್ ಆಗ್ತತಿ. ತಾಳು ಗೆರಿ ಹೊಡೀತತಿ, ಗೊಬ್ಬರ ಬೀಳ್ತತಿ, ಹಿಂದ ಬರೂ ಕುಡ ಕಸ ಕೊಯ್ದುಕೊಂತ ಮಣ್ಣು ಎಳದು ಮುಚ್ಚತತಿ. ನಮ್ಮ ಹಿರೇರು ಎತ್ತಿನ ಎಡಿಕುಂಟಿ ಹಿಂದ ಸೆಡ್ಡಿ (ಗೊಬ್ಬರ ಬಿಡೂ ಕೊಳವಿ) ಹಿಡಿದು ಹೆಣ್ಣಾಳಿನ ಕೈಲೆ ಗೊಬ್ಬರ ಬಿಡಸ್ತಿದ್ದಿದ್ದು ಇದೇ ಕೆಲಸ, ಇಲ್ಲಿ ಆ ಕೈ ಜಾಗದಾಗ ರೋಲರ್ ಕುಂತೈತಿ ಅಷ್ಟ.

ಇನ್ನ ತೂಕ ಪರೀಕ್ಷಾ. ಇದನ್ನ ಅಂಗಳದ ಸಿಮೆಂಟಿನ ಮ್ಯಾಲ ಮಾಡಬ್ಯಾಡ್ರಿ, ಹೊಲದಾಗೇ ಮಾಡ್ರಿ, ಸಡ್ಲ ಮಣ್ಣಿನಾಗ ಗಾಲಿ ಜಾರತತಿ, ಜಾರಿದಷ್ಟು ಗೊಬ್ಬರ ಕಮ್ಮಿ ಬೀಳ್ತತಿ. 20 ಮೀಟರ್ ಅಳದು ಎರಡು ಗೂಟ ಹುಗಿದೆ. ಪೈಪಿನ ಬಾಯಿ ತಾಳಿನಿಂದ ಬಿಚ್ಚಿ ಅದಕ್ಕ ಪ್ಲಾಸ್ಟಿಕ್ ಚೀಲ ಕಟ್ಟಿದೆ, ಆದ್ರ ತಾಳು ಮಣ್ಣಿನಾಗೇ ಇರಬೇಕು, ನಿಜವಾದ ಕೆಲಸದಾಗ ಹೆಂಗ ನೂಕ್ತೀವೋ ಹಂಗೇ. ಗೂಟದಿಂದ ಗೂಟಕ್ಕ ನೂಕಿ ಚೀಲ ತೂಕ ಮಾಡಿದ್ರ 100 ಗ್ರಾಂ ಇರಬೇಕು. 12 ಮಿಲಿಮೀಟರ್ ಆಳದ ಕುಣಿಗೆ 84 ಗ್ರಾಂ ಹತ್ರ ಬಂತು. ಲೆಕ್ಕದಾಗ 105 ಬರಬೇಕಿತ್ತು, ಆದ್ರ ಕುಣಿ ಪೂರ್ತಿ ತುಂಬಂಗಿಲ್ಲ, ಗಾಲೀನೂ ಜಾರತತಿ, ಅದಕ್ಕೇ ಲೆಕ್ಕ ನಂಬಬ್ಯಾಡ್ರಿ, ತಕ್ಕಡಿ ನಂಬ್ರಿ. ಆಳ 14 ಮಿಲಿಮೀಟರ್ ಮಾಡಿಸಿದಾಗ 98, 101, 97 ಹಿಂಗ ಬರಾಕ ಹತ್ತಿತು, ಇಷ್ಟು ಸಾಕು. ನೂಕೋರು ಬದಲಾದ್ರೂ ಹೆಚ್ಚು ಫರಕ್ ಬರ್ಲಿಲ್ಲ, ಯಾಕಂದ್ರ ಜೋರ ನಡದ್ರೂ ಸಾವಕಾಶ ನಡದ್ರೂ ಗಾಲಿ ಸುತ್ತು ಅಷ್ಟೇ. ಗಾಲಿ ಜಾರೂದು ಕಮ್ಮಿ ಮಾಡಾಕ ಟಯರಿನ ಮ್ಯಾಲ ಹಳೇ ಚೈನ್ ತುಂಡು ಅಡ್ಡಡ್ಡ ತಂತಿಲೆ ಬಿಗಿದೀನಿ, ಅದನ್ನ ಕಟ್ಟಿದಮ್ಯಾಲೇ ತೂಕ ಪರೀಕ್ಷಾ ಮಾಡ್ರಿ, ಸುತ್ತಿನ ಅಳತಿ ಬದಲಾಗ್ತತಿ. ಯೂರಿಯಾ ಸಣ್ಣ ಕಾಳು ದಪ್ಪ ಕಾಳು ಎರಡೂ ಬರ್ತತಿ, ಚೀಲ ಬದಲಾದಾಗ ಒಂದ್ಸಲ ಗೂಟದ ನಡುವ ನೂಕಿ ನೋಡೂದು ರೂಢಿ ಮಾಡ್ರಿ.

ಹೊಲದಾಗ ಹೊಡದಿದ್ದು ಪುಷ್ಯ ಮಳಿ ನಡುವ, ಮೊಣಕಾಲಮಟ ಬೆಳಿ. ಹದ ನೋಡೂದು ಎಲ್ಲಾಕ್ಕಿಂತ ಮುಖ್ಯ. ಎರಿ ಮಣ್ಣು ಕೈಲಿ ಹಿಡಿದು ಹಿಚುಕಿದ್ರ ಉಂಡಿ ಆಗಬೇಕು, ಕೆಳಗ ಬಿಟ್ರ ಒಡೀಬೇಕು, ಅಂಟಬಾರದು. ಅಂಟೂ ಹೊತ್ತಿನಾಗ ಹೋದ್ರ ತಾಳು, ಗಾಲಿ ಎಲ್ಲಾ ಮೆತ್ತಿಕೊಂಡು ಹೆಜ್ಜಿ ಕಿತ್ತಿಡಾಕ ಬರಂಗಿಲ್ಲ, ಒಣಗಿದಮ್ಯಾಲ ಹೋದ್ರ ತಾಳು ಇಳಿಯಂಗಿಲ್ಲ. ಸಾಲಿನಿಂದ ನಾಲ್ಕು ಬೆಟ್ಟಿಗಿಂತ ಹತ್ರ ಹೋಗಬ್ಯಾಡ್ರಿ, ಬೇರು ಸುಡ್ತತಿ, ಒಂದು ಗೇಣಿಗಿಂತ ದೂರಾನೂ ಬ್ಯಾಡ. ನಾನು ಹತ್ತು ಸೆಂಟಿಮೀಟರ್ ಇಟ್ಟೀನಿ. ಪ್ರತಿ ಸಾಲಿಗೆ ಒಂದೇ ಬಾಜೂಕ ಸಾಕು. ಒಬ್ರು ನೂಕೂದು, ಮಣ್ಣು ಭಾರ ಇದ್ದ ಕಡೆ ಮುಂದ ಹಗ್ಗ ಕಟ್ಟಿ ಒಬ್ರು ಜಗ್ಗೂದು. ಎಕರೆಗೆ ಆರೂಮುಕ್ಕಾಲು ಕಿಲೋಮೀಟರ್ ನಡಿಗಿ ಆಗ್ತತಿ, ಸಣ್ಣ ಕೆಲಸ ಅಂತ ಹೇಳಂಗಿಲ್ಲ, ಆದ್ರ ಎಡಿ ಹೊಡಿಯಾಕ ಆ ನಡಿಗಿ ಹೆಂಗೂ ಇದ್ದಿದ್ದೇ, ಗೊಬ್ಬರ ಅದೇ ನಡಿಗಿಯಾಗ ಮುಗೀತತಿ. ಸಾಲಿನ ತುದಿಗೆ ತಿರುಗುವಾಗ ಗಾಲಿ ಎತ್ತಿ ತಿರುಗ್ರಿ, ಇಲ್ಲಾಂದ್ರ ಬದುವಿನಾಗ ಗುಡ್ಡಿ ಬೀಳ್ತತಿ, ಆ ಜಾಗದಾಗ ದನ ಮೇಯೂದಿದ್ರ ಅಪಾಯ, ಯೂರಿಯಾ ತಿಂದ್ರ ದನ ಉಳಿಯೂದು ಕಷ್ಟ. ಡಬ್ಬಿ ತುಂಬೂ ಜಾಗಾನೂ ದನ ಕಟ್ಟೂ ಕಡೆಯಿಂದ ದೂರ ಇರ್ಲಿ.

ಮಳಿ ಬಗ್ಗೆ ಒಂದು ಮಾತು. ಜೋರು ಮಳಿ ಬರೂ ಸೂಚನಿ ಇದ್ದ ದಿನ ತಡೀರಿ. ಎರಿ ಹೊಲದಾಗ ನೀರು ನಿಂತ್ರ ಮಣ್ಣಿನೊಳಗ ಗಾಳಿ ಇರಂಗಿಲ್ಲ, ನೈಟ್ರೇಟ್ ಆದ ಸಾರಜನಕ ಅಲ್ಲೂ ಗ್ಯಾಸ್ ಆಗಿ ಹೋಗ್ತತಿ, ಈ ಸಲ ಮಣ್ಣಿನ ಕೆಳಗ ಇದ್ರೂ ಉಳಿಯಂಗಿಲ್ಲ. ಹುಗಿದು ಹಾಕಿದ್ರ ಎಲ್ಲಾ ಬಚಾವ್ ಅಂತ ನಾನು ಹೇಳಾಕ ಹೋಗಂಗಿಲ್ಲ. ನೀರು ಬಸಿಯೂ ಗಾಲುವಿ ಇಲ್ಲದ ತಗ್ಗಿಗೆ ಮೊದ್ಲು ಗಾಲುವಿ ಮಾಡ್ರಿ.

ಹೋಲಿಸಿ ನೋಡಾಕ ನಡುವ ಎಂಟು ಸಾಲು ಬಿಟ್ಟು, ಅವಕ್ಕ ಅಷ್ಟೇ ತೂಕದ ಯೂರಿಯಾ ಕೈಲೆ ಮ್ಯಾಲ ಉದುರಿಸಿ, ನಾಲ್ಕೂ ಮೂಲಿಗೆ ಗೂಟ ಹುಗಿದೆ. ನೋಡಬೇಕಾದ್ದು ಮ್ಯಾಲಿನ ಎಲಿ ಅಲ್ಲ, ಅದು ಎಲ್ಲಾ ಕಡೆ ಹಸರೇ ಇರ್ತತಿ. ಗಿಡಕ್ಕ ಸಾರಜನಕ ಸಾಲದಿದ್ರ ಹಳೇ ಎಲಿಯಿಂದ ಕಿತ್ತು ಹೊಸ ಸುಳಿಗೆ ಕೊಡ್ತತಿ, ಅದಕ್ಕ ಬಗ್ಗಿ ಕೆಳಗಿನ ಎಲಿ ನೋಡಬೇಕು, ಎಲಿ ತುದಿಯಿಂದ ನಡುವಿನ ನರದ ಗುಂಟ ಒಳಗ ಹಳದಿ ಬರ್ತತಿ, ಅಂಚು ಹಸರ ಇರ್ತತಿ, ಬಾಣದ ಮೊನಿ ಆಕಾರ. ಅಂಚಿನಿಂದ ಸುಟ್ಟಂಗ ಬಂದ್ರ ಅದು ಪೊಟ್ಯಾಷ್ ಕಡೀದು, ಯೂರಿಯಾ ಹಾಕಿದ್ರ ಹೋಗಂಗಿಲ್ಲ. ಕೈಲೆ ಉದುರಿಸಿದ ಸಾಲಿನಾಗ ಕೆಳಗಿನ ಎರಡು ಎಲಿಗೆ ಈ ಹಳದಿ ಅಲ್ಲಲ್ಲಿ ಕಂಡೈತಿ, ಅದೂ ಒಂದು ಗಿಡ ಕಪ್ಪು ಹಸರು, ಬಾಜೂದು ತೆಳುವು, ಹಿಂಗ ಒಂದಕ್ಕೊಂದು ಹೊಂದ್ಕಿ ಇಲ್ಲ. ಕುಂಟಿ ಹೋದ ಸಾಲು ಒಂದೇ ಸಮ ಅದಾವ. ಸಾಲಿನ ನಡುವಿನ ಕಸದಾಗ ಇನ್ನೂ ಸ್ಪಷ್ಟ ಫರಕ್, ಉದುರಿಸಿದ ಕಡೆ ಕರಕಿ ಎದಿ ಉಬ್ಬಿಸಿ ನಿಂತೈತಿ. ಇಳುವರಿ ಮಾತು ಈಗ ಆಡಂಗಿಲ್ಲ, ರಾಶಿ ಮಾಡೂ ಮುಂದ ಎರಡೂ ಕಡೆ ಅಷ್ಟಷ್ಟೇ ಉದ್ದದ ಸಾಲಿನ ತೆನಿ ಬ್ಯಾರೆ ಬ್ಯಾರೆ ಮುರದು ತೂಗಿ ನೋಡೂದೈತಿ.

ಎರಡನೇ ಪಾಲಿಗೆ ಒಂದಿಷ್ಟು ಬದಲಾವಣಿ ಬೇಕು. ಆ ಹೊತ್ತಿಗೆ ಬೇರು ಸಾಲಿನ ನಡುವ ಬಂದಿರ್ತಾವ, ಹತ್ರ ತಾಳು ಬಿಟ್ರ ಬೇರು ಹರೀತಾವ, ಅದಕ್ಕ ಸಾಲಿನ ನಟ್ಟ ನಡುವ, ಆಳ ಒಂದೂವರಿ ಇಂಚಿಗೆ ಇಳಿಸಿ ಹೊಡೀಬೇಕು. ಎಲಿ ಕೂಡಿ ಹಾದಿ ಮುಚ್ಚೂಕಿಂತ ಮೊದ್ಲೇ ಹೋಗಬೇಕು, ತಡ ಆದ್ರ ಕ್ಯಾನಿಗೆ ಎಲಿ ಬಡದು ಮುರೀತಾವ, ಎಲಿ ಮ್ಯಾಲಿನ ಇಬ್ಬನಿ ನೀರು ಕ್ಯಾನಿನಾಗ ಬಿದ್ದು ಯೂರಿಯಾ ಕರಗತತಿ. ಮುಂಜಾನೆ ಇಬ್ಬನಿ ಆರಿದಮ್ಯಾಲೇ ಶುರು ಮಾಡ್ರಿ, ಕ್ಯಾನಿಗೆ ಮುಚ್ಚಳ ಇರ್ಲಿ.

ಕೆಲಸ ಮುಗಿದ ದಿನಾನೇ ತೊಳೀರಿ. ಯೂರಿಯಾ ಗಾಳಿಯಾಗಿನ ನೀರು ಎಳಕೊಂತತಿ, ರಾತ್ರಿ ಹಂಗೇ ಬಿಟ್ರ ಮುಂಜಾನೆ ಕುಣಿ ಎಲ್ಲಾ ಗಟ್ಟಿ, ಚೈನಿಗೆ ಕೆಂಪು ತುಕ್ಕು. ರೋಲರ್ ಹೊರಗ ಜಗ್ಗಿ ತೊಳಿಯಾಕ ಬರೂವಂಗ ಒಂದು ಬದಿ ಮುಚ್ಚಳಕ್ಕ ರೆಕ್ಕಿ ನಟ್ ಹಾಕಿಸೀನಿ, ಪಾನಾ ಬೇಕಾಗಂಗಿಲ್ಲ. ತೊಳದ ನೀರು ಹಿತ್ತಲಿನ ಗಿಡದ ಬುಡಕ್ಕ ಹಾಕ್ರಿ, ದನದ ಬಾನಿ ಹತ್ರ ಬ್ಯಾಡ. ಚೈನ್ ಒಣಗಿಸಿ ಗ್ರೀಸ್ ಬದಲು ಎಣ್ಣಿ ಹಚ್ಚರಿ, ಗ್ರೀಸಿಗೆ ಮಣ್ಣು, ಯೂರಿಯಾ ಹಿಟ್ಟು ಎರಡೂ ಅಂಟಿ ರುಬ್ಬತಾವ. ಲೇತ್, ವೆಲ್ಡಿಂಗ್, ಗುಜರಿ ಗಾಲಿ ಎಲ್ಲಾ ಸೇರಿ ನನಗ ಎರಡು ಸಾವಿರದೊಳಗ ಆಗೈತಿ, ಕುಂಟಿ ಮೊದ್ಲೇ ಇತ್ತು.

ಬ್ಯಾರೆ ಬೆಳಿಗೆ ಹಾಕೋರಿಗೆ ಲೆಕ್ಕ ಹೇಳಿಬಿಡ್ತೀನಿ. ರಾಯಚೂರು ಕಡೆ ಹತ್ತಿಗೆ 90 ಸೆಂಟಿಮೀಟರ್ ಸಾಲು ಇದ್ರ ಎಕರೆಗೆ ಸುಮಾರು 4500 ಮೀಟರ್ ಸಾಲು, ಇದೇ ರೋಲರ್ ಹಂಗೇ ಓಡಿಸಿದ್ರ ಎಕರೆಗೆ ಇಪ್ಪತ್ತೆರಡೂವರಿ ಕೆಜಿ, ಸರಿಯಾಗಿ ಅರ್ಧ ಚೀಲ ಬೀಳ್ತತಿ. ಸ್ವಲ್ಪ ಹೆಚ್ಚು ಬೇಕಂದ್ರ ರೋಲರ್ ಬದಿಗೆ 16 ಹಲ್ಲಿನ ಫ್ರೀವೀಲ್ ಹಾಕ್ರಿ, ರೋಲರ್ ಎಂಟನೇ ಒಂದು ಪಾಲು ಜಾಸ್ತಿ ತಿರುಗ್ತತಿ, ಎಕರೆಗೆ 25 ಕೆಜಿ ಆಗ್ತತಿ. ಕಮ್ಮಿ ಬೇಕಂದ್ರ ಎರಡು ಕುಣಿಗೆ ಎದುರು ಬದುರು ಮೇಣ ತುಂಬಿ ಮುಚ್ಚರಿ, ಕಾಲು ಭಾಗ ಇಳೀತತಿ, ಮುಂದ ಬೇಕಾದಾಗ ಕಾಸಿ ತಗೀಬಹುದು. ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ಗದ್ದಿಗೆ ಇದು ಬರಂಗಿಲ್ಲ, ಅಲ್ಲಿ ನೀರು ಬಸಿದು ಯೂರಿಯಾ ಹಾಕಿ ಮತ್ತ ನೀರು ಕಟ್ಟೂದು ಬ್ಯಾರೆ ರೀತಿ. ನಮ್ಮ ಕಡೆ ಎತ್ತು ಇದ್ದೋರು ಕೇಳ್ಯಾರ, ಎರಡು ಸಾಲಿಂದು ಎಡಿಕುಂಟಿಗೆ ಬರ್ತತೇನು ಅಂತ. ಬರ್ತತಿ, ಒಂದೇ ಶಾಫ್ಟಿಗೆ ಎರಡು ರೋಲರ್, ಬಾಜೂಕ ಒಂದು ನೆಲಕ್ಕ ತಾಗೂ ಗಾಲಿ, ಆ ಗಾಲಿಗೆ ಸ್ಪ್ರಿಂಗ್ ಒತ್ತು ಕೊಡಬೇಕು, ಇಲ್ಲಾಂದ್ರ ಎತ್ತು ಹೆಜ್ಜಿ ತಪ್ಪಿದಾಗ ಗಾಲಿ ಎದ್ದು ಗೊಬ್ಬರ ನಿಲ್ತತಿ. ರೋಲರ್ ಎರಡೂ ತಿರುವಿಸಿ ಇಟ್ಟೀನಿ, ಸ್ಪ್ರಿಂಗಿಗೆ ಹಳೇ ಮೋಟರ್ ಸೈಕಲ್ಲಿನ ಸೈಡ್ ಸ್ಟ್ಯಾಂಡಿಂದು ಸಾಕಾಗ್ತತೋ, ಇನ್ನೂ ಬಿಗಿದು ಬೇಕಾಗ್ತತೋ ಎತ್ತು ಹೂಡಿ ಹೊಡದು ನೋಡೂದು ಬಾಕಿ ಐತಿ.